‘ಐ5 ಇದೆ ಸಾರ್’ ಅಂದ್ರೆ ಸಾಲದು: ಹಳೇ ಕಂಪ್ಯೂಟರ್ ಬದಲಿಸೋ ಮುಂಚೆ ಈ ನಂಬರ್ ಓದೋದು ಕಲೀರಿ

ತುಮಕೂರು: ಅಂಗಡಿ ಕಂಪ್ಯೂಟರ್ ಕೈಕೊಡೋದು ಯಾವಾಗ್ಲೂ ತಿಂಗಳ 19ನೇ ತಾರೀಖಿಗೇ ಅಂತ ವ್ಯಾಪಾರಸ್ಥರು ತಮಾಷೆ ಮಾಡ್ತಾರೆ. ತಿಂಗಳ ಜಿಎಸ್‌ಟಿಆರ್-3ಬಿ ಸಲ್ಲಿಸೋಕೆ 20 ಕೊನೇ ದಿನ. ಆ ಅವಸರದಲ್ಲಿ ಹೋಗಿ ಸಿಕ್ಕಿದ್ದನ್ನ ತಂದ್ರೆ ತಮಾಷೆ ಆಮೇಲೆ ನಮ್ಮ ಮೇಲೇ ಆಗುತ್ತೆ.

ಈಗ ಕಂಪ್ಯೂಟರ್ ಬದಲಿಸೋ ಮಾತು ಜಾಸ್ತಿ ಕೇಳಿಬರ್ತಿರೋದಕ್ಕೆ ಇನ್ನೊಂದು ಕಾರಣವೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಂತ ಕಂಪ್ಯೂಟರ್ ಮರುದಿನವೇ ನಿಂತುಹೋಗಲ್ಲ, ಓಡ್ತಾನೇ ಇರುತ್ತೆ. ಆದ್ರೆ ಹೊಸ ವೈರಸ್, ಹೊಸ ಕಳ್ಳದಾರಿ ಕಂಡುಬಂದಾಗ ಅದನ್ನ ಮುಚ್ಚೋ ಅಪ್‌ಡೇಟ್ ಬರೋದಿಲ್ಲ. ಅದೇ ಕಂಪ್ಯೂಟರಿನಲ್ಲಿ ನೆಟ್ ಬ್ಯಾಂಕಿಂಗ್ ಮಾಡೋರಿಗೆ, ಗಿರಾಕಿಗಳ ಆಧಾರ್ ಸ್ಕ್ಯಾನ್ ಮಾಡೋರಿಗೆ ಇದು ಸಣ್ಣ ವಿಷಯ ಅಲ್ಲ.

ಈ ಸಂದರ್ಭ ನೋಡಿಕೊಂಡು ಮಾರ್ಕೆಟ್ಟಿನಲ್ಲೂ ಆನ್‌ಲೈನಿನಲ್ಲೂ ಜಾಹೀರಾತುಗಳ ಸುರಿಮಳೆ. ‘ಐ5 ಪ್ರೊಸೆಸರ್, 16 ಜಿಬಿ ರ‍್ಯಾಮ್, 512 ಎಸ್‌ಎಸ್‌ಡಿ, ಮಾನಿಟರ್ ಸಮೇತ ಫುಲ್ ಸೆಟ್!’ ನೋಡೋಕೆ ಚೆನ್ನಾಗೇ ಇರುತ್ತೆ. ಆದ್ರೆ ಅದರಲ್ಲಿ ಮುಖ್ಯವಾದ ಒಂದೇ ಒಂದು ಮಾತು ಬಿಟ್ಟಿರ್ತಾರೆ. ಅದು ಎಷ್ಟನೇ ಜನರೇಷನ್ನಿನ ಐ5 ಅನ್ನೋದು. ದುಡ್ಡು ಉಳಿಯೋದೂ ಕಳೆಯೋದೂ ಅಲ್ಲೇ.

ಮೊದಲು ಕೇಳಿಕೊಳ್ಳಿ: ಬದಲಿಸಲೇಬೇಕಾ?

‘ಸಿಸ್ಟಮ್ ಸ್ಲೋ ಆಗಿದೆ’ ಅನ್ನೋ ಒಂದೇ ಕಾರಣಕ್ಕೆ ಹೊಸದು ತಗೊಳ್ಳೋಕೆ ಹೊರಟಿದ್ರೆ ಸ್ವಲ್ಪ ತಡೀರಿ. ಐದಾರು ವರ್ಷದ ಕಂಪ್ಯೂಟರ್ ಆನ್ ಆಗೋಕೆ ಐದು ನಿಮಿಷ ತಗೊಳ್ತಿದ್ರೆ ಬಹಳ ಸಲ ತಪ್ಪು ಪ್ರೊಸೆಸರಿಂದಲ್ಲ, ಹಳೇ ಹಾರ್ಡ್ ಡಿಸ್ಕಿಂದು. ಒಳಗೆ ತಟ್ಟೆ ತಿರುಗೋ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100ರಿಂದ 150 ಎಂಬಿ ಓದುತ್ತೆ. ಸಾಧಾರಣ ಸಾಟಾ ಎಸ್‌ಎಸ್‌ಡಿ 500 ಎಂಬಿ ಹತ್ತಿರ ಓದುತ್ತೆ. ಚಿಕ್ಕ ಚಿಕ್ಕ ಫೈಲುಗಳನ್ನ ಅಲ್ಲಿ ಇಲ್ಲಿ ಹುಡುಕಿ ತೆಗೆಯೋ ಕೆಲಸದಲ್ಲಿ ವ್ಯತ್ಯಾಸ ಇನ್ನೂ ಎಷ್ಟೋ ಪಟ್ಟು ಜಾಸ್ತಿ. ವಿಂಡೋಸ್ ಶುರುವಾಗುವಾಗ ನಡೆಯೋದು ಬಹುಪಾಲು ಅದೇ ಕೆಲಸ.

ಹಾಗಾಗಿ ನಿಮ್ಮ ಕಂಪ್ಯೂಟರ್ ವಿಂಡೋಸ್ 11ಕ್ಕೆ ಅರ್ಹ ಇದ್ದು, ಬರೀ ನಿಧಾನ ಅಷ್ಟೇ ಆಗಿದ್ರೆ, ಒಂದು ಎಸ್‌ಎಸ್‌ಡಿ ಹಾಕ್ಸಿ ರ‍್ಯಾಮ್ 8 ಜಿಬಿ ಮಾಡಿಸಿ. ಇನ್ನು ಎರಡು ಮೂರು ವರ್ಷ ಆರಾಮಾಗಿ ಓಡುತ್ತೆ. ಅರ್ಹ ಇದೆಯೋ ಇಲ್ಲವೋ ಅಂತ ನೋಡೋಕೆ ಮೈಕ್ರೋಸಾಫ್ಟಿನದೇ ‘ಪಿಸಿ ಹೆಲ್ತ್ ಚೆಕ್’ ಅನ್ನೋ ಉಚಿತ ಆ್ಯಪ್ ಇದೆ. ಹಾಕಿ ಒಂದು ಬಟನ್ ಒತ್ತಿದ್ರೆ ಹೌದು ಅಥವಾ ಇಲ್ಲ ಅಂತ ಹೇಳಿಬಿಡುತ್ತೆ.

ಮನೆಯಲ್ಲಿ ಮಕ್ಕಳು ಬಳಸೋ ವಿಂಡೋಸ್ 10 ಕಂಪ್ಯೂಟರ್ ಆದ್ರೆ ಇನ್ನೊಂದು ದಾರಿ ಇದೆ. ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದ್ರೆ 2026ರ ಅಕ್ಟೋಬರ್ 13ರ ತನಕ ಸೆಕ್ಯೂರಿಟಿ ಅಪ್‌ಡೇಟ್ ಉಚಿತವಾಗಿ ಸಿಗುತ್ತೆ. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಇದಕ್ಕೆ ಸೇರೋ ಆಯ್ಕೆ ಬರುತ್ತೆ. ಅವಸರಪಡದೆ ದುಡ್ಡು ಹೊಂದಿಸಿಕೊಳ್ಳೋಕೆ ಅಷ್ಟು ಕಾಲಾವಕಾಶ.

ನಂಬರ್ ಓದೋದು ಹೇಗೆ?

ಸೆಟ್ಟಿಂಗ್ಸ್‌ಗೆ ಹೋಗಿ, ಸಿಸ್ಟಮ್ ಒಳಗೆ ‘ಅಬೌಟ್’ ಒತ್ತಿ. ಪ್ರೊಸೆಸರ್ ಅನ್ನೋ ಸಾಲಿನಲ್ಲಿ ‘ಐ5-2400’ ಅಥವಾ ‘ಐ5-8500’ ಅಂತ ಏನೋ ಒಂದಿರುತ್ತೆ. ಐ3, ಐ5, ಐ7 ಅನ್ನೋದು ದರ್ಜೆ ಅಷ್ಟೇ. ಅದರ ಮುಂದಿನ ನಂಬರ್ ಜನರೇಷನ್. ನಾಲ್ಕಂಕಿ ಇದ್ರೆ ಮೊದಲ ಅಂಕಿ ನೋಡಿ: 2400 ಅಂದ್ರೆ 2ನೇ ಜನರೇಷನ್, 4570 ಅಂದ್ರೆ 4ನೇದು, 8500 ಅಂದ್ರೆ 8ನೇದು. ಐದಂಕಿ ಇದ್ರೆ ಮೊದಲ ಎರಡು ಅಂಕಿ: 10400 ಅಂದ್ರೆ 10ನೇದು, 12100 ಅಂದ್ರೆ 12ನೇದು.

ಟ್ರ್ಯಾಕ್ಟರಿಗೆ ಹೋಲಿಸಿ ಹೇಳೋದಾದ್ರೆ ಐ5 ಅನ್ನೋದು ಎಷ್ಟು ಎಚ್‌ಪಿ ಅನ್ನೋ ಥರ, ಜನರೇಷನ್ ಅನ್ನೋದು ಯಾವ ಮಾಡೆಲ್ ವರ್ಷ ಅನ್ನೋ ಥರ. ವರ್ಷ ಕೇಳದೆ ಯಾರೂ ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ತಗೊಳ್ಳಲ್ಲ ಅಲ್ವಾ? ಐ5-2400 ಬಂದಿದ್ದು 2011ರಲ್ಲಿ. ಐ5-8500 ಬಂದಿದ್ದು 2018ರಲ್ಲಿ. ಎರಡಕ್ಕೂ ಹೆಸರು ಐ5 ಅಂತಲೇ.

ಇಂಟೆಲ್ ಕಂಪನಿಯ 8ನೇ ಜನರೇಷನ್ ಒಂದು ಗಡಿಕಲ್ಲು ಇದ್ದ ಹಾಗೆ. ಅದಕ್ಕೆ ಎರಡು ಕಾರಣ.

ಒಂದು, ವಿಂಡೋಸ್ 11 ಅಧಿಕೃತವಾಗಿ ಒಪ್ಪೋದು ಹೆಚ್ಚುಕಮ್ಮಿ 8ನೇ ಜನರೇಷನ್ನಿಂದ ಈಚೆಗಿನ ಪ್ರೊಸೆಸರುಗಳನ್ನ ಮಾತ್ರ. ಅದರ ಜೊತೆಗೆ ಟಿಪಿಎಂ 2.0 ಅನ್ನೋ ಸೆಕ್ಯೂರಿಟಿ ಚಿಪ್ ಸೌಲಭ್ಯ, 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಬೇಕು. ಎಎಂಡಿ ಕಂಪನಿಯ ರೈಜೆನ್ ಆದ್ರೆ 2000 ಸರಣಿಯಿಂದ ಈಚೆಗೆ ಬಹುತೇಕ ನಡೆಯುತ್ತೆ.

ಎರಡು, ಡೆಸ್ಕ್‌ಟಾಪ್ ಐ3ಗಳಲ್ಲಿ 7ನೇ ಜನರೇಷನ್ ತನಕ 2 ಕೋರ್ ಇರ್ತಿತ್ತು, ಐ5ನಲ್ಲಿ 4. 8ನೇ ಜನರೇಷನ್ನಿನಲ್ಲಿ ಐ3ಗೇ 4 ಕೋರ್ ಬಂತು, ಐ5ಗೆ 6 ಬಂತು. ಅಂದ್ರೆ 8ನೇ ಜನರೇಷನ್ನಿನ ‘ಬರೀ’ ಐ3-8100 ಹಳೇ 2ನೇ, 4ನೇ ಜನರೇಷನ್ ಐ5ಗಿಂತ ಜೋರಾಗೇ ಓಡುತ್ತೆ. ಐ5 ಹೆಸರಿಗೆ ಮಾರುಹೋಗಿ ಹಳೇದು ತಂದವರಿಗಿಂತ ಐ3 ತಂದವರೇ ಬುದ್ಧಿವಂತರಾಗೋದು ಹೀಗೆ.

‘ಹೊಸದು’ ಅಂತ ಹಳೇದು

ಇಲ್ಲೇ ಒಂದು ಚಮತ್ಕಾರ ಇದೆ, ಗಮನಿಸಿ. ಕ್ಯಾಬಿನೆಟ್ ಹೊಸದು, ಒಳಗೆ ಬಣ್ಣದ ಲೈಟು, ಮದರ್‌ಬೋರ್ಡ್ ಕೂಡ ಹೊಸ ಬಾಕ್ಸಿನದ್ದೇ. ಆದ್ರೆ ಬೋರ್ಡ್ ಎಚ್61 ಆಗಿದ್ರೆ ಅದರ ಮೇಲೆ ಕೂರೋದು 2ನೇ, 3ನೇ ಜನರೇಷನ್ ಪ್ರೊಸೆಸರ್. ಎಚ್81 ಆದ್ರೆ 4ನೇದು. ಎಚ್110 ಆದ್ರೆ 6, 7ನೇದು. ಈ ಹಳೇ ಮಾದರಿ ಬೋರ್ಡುಗಳನ್ನ ಈಗಲೂ ಹೊಸದಾಗಿ ತಯಾರಿಸಿ ಮಾರ್ತಾರೆ. ಬಳಸಿದ ಹಳೇ ಪ್ರೊಸೆಸರನ್ನ ಅದಕ್ಕೆ ಕೂರಿಸಿದ್ರೆ ‘ಬ್ರ್ಯಾಂಡ್ ನ್ಯೂ ಐ5 ಪಿಸಿ’ ರೆಡಿ. ವಾರಂಟಿಯೂ ಕೊಡ್ತಾರೆ, ಸುಳ್ಳೂ ಹೇಳಿರಲ್ಲ. ಜನರೇಷನ್ ಹೇಳಿರಲ್ಲ ಅಷ್ಟೇ.

ಇಂಥ ಮಶೀನಿಗೆ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಡೋರೂ ಇದ್ದಾರೆ. ಇವತ್ತು ಓಡುತ್ತೆ ನಿಜ. ಆದ್ರೆ ಅರ್ಹ ಅಲ್ಲದ ಮಶೀನಿಗೆ ಮುಂದಿನ ಅಪ್‌ಡೇಟ್ ಬಂದೇ ಬರುತ್ತೆ ಅನ್ನೋ ಖಾತ್ರಿಯನ್ನ ಮೈಕ್ರೋಸಾಫ್ಟ್ ಕೊಡಲ್ಲ. ವ್ಯಾಪಾರದ ಲೆಕ್ಕ ಇಡೋ ಕಂಪ್ಯೂಟರಿಗೆ ಆ ರಿಸ್ಕ್ ಬೇಡ.

ಕಂಪನಿಗಳಿಂದ ಬಂದ ರಿಫರ್ಬಿಶ್ಡ್: ಯಾರಿಗೆ ಸರಿ?

ದೊಡ್ಡ ಕಂಪನಿಗಳು ಕಂಪ್ಯೂಟರುಗಳನ್ನ ಕೆಲವು ವರ್ಷ ಬಳಸಿ ಒಟ್ಟಿಗೆ ನೂರಾರು ಲೆಕ್ಕದಲ್ಲಿ ಬದಲಿಸ್ತವೆ. ಬೆಂಗಳೂರು ಪಕ್ಕದಲ್ಲೇ ಇರೋದರಿಂದ ನಮ್ಮ ಜಿಲ್ಲೆಯವರಿಗೆ ಇದು ಅನುಕೂಲ. ಎಸ್‌ಪಿ ರೋಡ್ ಅಂದ್ರೆ ಸಾದರ ಪತ್ರಪ್ಪ ರಸ್ತೆಯ ಅಂಗಡಿಗಳಲ್ಲಿ ಇಂಥವು ಸಿಗ್ತವೆ. ಊರಿನ ಕಂಪ್ಯೂಟರ್ ಅಂಗಡಿಯವರಿಗೆ ಹೇಳಿದ್ರೂ ತರಿಸಿಕೊಡ್ತಾರೆ.

ಇವು ಆಫೀಸಿಗೆ ಅಂತಲೇ ಮಾಡಿದ ಗಟ್ಟಿ ಮಶೀನುಗಳು. ಇಲ್ಲೂ ನಂಬರ್ ಓದಬೇಕು. ಡೆಲ್ ಆಪ್ಟಿಪ್ಲೆಕ್ಸ್ 3050 ಅಂದ್ರೆ 6, 7ನೇ ಜನರೇಷನ್, 3060 ಅಂದ್ರೆ 8ನೇದು. ಹೊರಗಿಂದ ನೋಡಿದ್ರೆ ಹೆಚ್ಚುಕಮ್ಮಿ ಒಂದೇ ಥರ ಕಾಣ್ತವೆ, ಒಳಗೆ ಗಡಿಯ ಆಚೆ ಈಚೆ. ಎಚ್‌ಪಿಯಲ್ಲಿ ಎಲೈಟ್‌ಡೆಸ್ಕ್ 800 ಜಿ4, ಲೆನೊವೊದಲ್ಲಿ ಥಿಂಕ್‌ಸೆಂಟರ್ ಎಂ720 ಇವೆಲ್ಲ 8ನೇ ಜನರೇಷನ್ ಕಾಲದವು. ಇವಕ್ಕಿಂತ ಹಳೇದು ಎಷ್ಟೇ ಸಸ್ತಾ ಕೊಟ್ರೂ ಅಂಗಡಿ ಕೆಲಸಕ್ಕೆ ತಗೋಬೇಡಿ.

ಇನ್ನೊಂದು ಲಾಭ, ಇಂಥ ಮಶೀನುಗಳಲ್ಲಿ ಸಾಮಾನ್ಯವಾಗಿ ಕಂಪನಿಯವರೇ ಹಾಕಿದ ಅಸಲಿ ವಿಂಡೋಸ್ ಲೈಸೆನ್ಸ್ ಬೋರ್ಡಿನಲ್ಲೇ ಕೂತಿರುತ್ತೆ. ಅದೇ ಆವೃತ್ತಿ ಮತ್ತೆ ಇನ್‌ಸ್ಟಾಲ್ ಮಾಡಿದಾಗ ತಾನಾಗೇ ಆ್ಯಕ್ಟಿವೇಟ್ ಆಗುತ್ತೆ. ಅಸೆಂಬಲ್ ಪಿಸಿಗೆ ಲೈಸೆನ್ಸ್ ದುಡ್ಡು ಬೇರೆ.

ತೊಂದರೆಯೂ ಇದೆ, ಅದನ್ನೂ ಹೇಳಿಬಿಡೋಣ. ಇವುಗಳ ಎಸ್‌ಎಂಪಿಎಸ್, ಮದರ್‌ಬೋರ್ಡ್ ಆಯಾ ಕಂಪನಿಯ ಸ್ವಂತ ಅಳತೆಯವು. ಕೆಟ್ಟರೆ ತಾಲೂಕು ಅಂಗಡಿಯಲ್ಲಿ ಸಿಗೋ ಮಾಮೂಲಿ ಎಸ್‌ಎಂಪಿಎಸ್ ಕೂರಲ್ಲ, ಬೆಂಗಳೂರಿಂದ ತರಿಸಬೇಕು. ಒಂದು ದಿನವೂ ಅಂಗಡಿ ನಿಲ್ಲಬಾರದು ಅನ್ನೋರು ಮಾಮೂಲಿ ಟವರ್ ಕ್ಯಾಬಿನೆಟ್ಟಿನ ಹೊಸ ಅಸೆಂಬಲ್ ಪಿಸಿ ನೋಡೋದು ಒಳ್ಳೇದು. ಅದಕ್ಕೆ ಪಾರ್ಟ್ಸ್ ಎಲ್ಲಾ ಕಡೆ ಸಿಗುತ್ತೆ. ಒಂದು ಎಚ್ಚರ: ಅಸೆಂಬಲ್ ಮಾಡಿಸುವಾಗ ಪ್ರೊಸೆಸರ್ ನಂಬರಿನ ಕೊನೆಗೆ ‘ಎಫ್’ ಇದ್ರೆ, ಅಂದ್ರೆ 10400ಎಫ್ ಥರ, ಅದರಲ್ಲಿ ಗ್ರಾಫಿಕ್ಸ್ ಇರಲ್ಲ. ಬೇರೆ ಕಾರ್ಡ್ ಹಾಕದೆ ಮಾನಿಟರಿಗೆ ಚಿತ್ರವೇ ಬರಲ್ಲ.

ಪುಸ್ತಕದ ಗಾತ್ರದ ಮಿನಿ ಪಿಸಿಗಳೂ ಇವೆ. ಮಾನಿಟರ್ ಹಿಂದೆ ಸಿಕ್ಕಿಸಿಬಿಡಬಹುದು. ಬಹಳಷ್ಟು ಮಿನಿಗಳು 65 ವ್ಯಾಟ್ ಅಡಾಪ್ಟರಿನಲ್ಲಿ ಓಡ್ತವೆ, ಕರೆಂಟ್ ಕಮ್ಮಿ, ಇನ್ವರ್ಟರಿಗೂ ಹಗುರ. ಕೌಂಟರ್ ಮೇಲೆ ಜಾಗ ಇಲ್ಲದ ಮೆಡಿಕಲ್ ಸ್ಟೋರ್, ಬೇಕರಿಗೆ ಹೇಳಿ ಮಾಡಿಸಿದ್ದು. ಆದ್ರೆ ಮುಂದೆ ಕಾರ್ಡ್, ದೊಡ್ಡ ಹಾರ್ಡ್ ಡಿಸ್ಕ್ ಸೇರಿಸೋಕೆ ಜಾಗ ಇರಲ್ಲ.

ಯಾವ ಕೆಲಸಕ್ಕೆ ಎಷ್ಟು ಬೇಕು?

ಕಿರಾಣಿ, ಬಟ್ಟೆ ಅಂಗಡಿ, ಕೊಬ್ಬರಿ ಮಂಡಿ ಬಿಲ್ಲಿಂಗ್, ಟ್ಯಾಲಿ, ಜಿಎಸ್‌ಟಿ: 8ನೇ ಜನರೇಷನ್ ಐ3, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಸಾಕು. ಇದಕ್ಕಿಂತ ಜಾಸ್ತಿ ಹಾಕೋ ದುಡ್ಡನ್ನ ಯುಪಿಎಸ್‌ಗೆ ಹಾಕಿ.

ಜೆರಾಕ್ಸ್, ಆನ್‌ಲೈನ್ ಅರ್ಜಿ ಸೆಂಟರ್, ಗ್ರಾಮ ಒನ್: ಬ್ರೌಸರಿನಲ್ಲಿ ಹತ್ತಾರು ಟ್ಯಾಬ್ ತೆರೆದಿರುತ್ತೆ. ಐ3 ಅಥವಾ ಐ5 ನಡೆಯುತ್ತೆ, ರ‍್ಯಾಮ್ ಮಾತ್ರ 16 ಜಿಬಿ ಇರ್ಲಿ. ಬೆರಳಚ್ಚು ಮಶೀನ್, ಸ್ಕ್ಯಾನರ್, ಪ್ರಿಂಟರ್ ಎಲ್ಲಾ ಸೇರಿ ಎಷ್ಟು ಯುಎಸ್‌ಬಿ ಪೋರ್ಟ್ ಬೇಕು ಅಂತ ಎಣಿಸಿಕೊಂಡು ಹೋಗಿ.

ಫ್ಲೆಕ್ಸ್, ಲಗ್ನಪತ್ರಿಕೆ ಡಿಟಿಪಿ, ಫೋಟೋ ಸ್ಟುಡಿಯೋ: ಐ5, 16 ಜಿಬಿ, 512 ಜಿಬಿ ಎಸ್‌ಎಸ್‌ಡಿ, ಜೊತೆಗೆ ಹಳೇ ಕೆಲಸ ಇಡೋಕೆ ಬೇರೆ ಹಾರ್ಡ್ ಡಿಸ್ಕ್. ಮದುವೆ ವಿಡಿಯೋ ಎಡಿಟಿಂಗ್ ಮಾಡೋರ ಲೆಕ್ಕವೇ ಬೇರೆ, ಅವರಿಗೆ ಗ್ರಾಫಿಕ್ಸ್ ಕಾರ್ಡ್ ಇರೋ ಹೊಸ ಮಶೀನೇ ಬೇಕಾಗುತ್ತೆ.

ಮನೆಗೆ, ಮಕ್ಕಳ ಓದಿಗೆ: ಐ3, 8 ಜಿಬಿ ಸಾಕು. ವಿಂಡೋಸ್ 11ಕ್ಕೆ ಬಾರದ ಹಳೇ ಮಶೀನ್ ಮನೆಯಲ್ಲೇ ಇದ್ರೆ ಎಸ್‌ಎಸ್‌ಡಿ ಹಾಕಿ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕ್ಸಬಹುದು. ಎರಡೂ ಉಚಿತ. ಯೂಟ್ಯೂಬ್, ಬ್ರೌಸರ್, ಕನ್ನಡ ಟೈಪಿಂಗ್ ಎಲ್ಲಾ ಆಗುತ್ತೆ. ಟ್ಯಾಲಿ ಬಳಸೋರು, ಡಿಎಸ್‌ಸಿ ಟೋಕನ್ ಹಾಕೋರು ಮಾತ್ರ ವಿಂಡೋಸಿನಲ್ಲೇ ಇರೋದು ಸಲೀಸು.

ದುಡ್ಡು ಕೊಡೋ ಮುಂಚೆ ಐದು ನಿಮಿಷ

ಅಂಗಡಿಯಲ್ಲೇ ಆನ್ ಮಾಡ್ಸಿ ನೋಡಿ. ನಾಚಿಕೆ ಬೇಡ, ನಿಮ್ಮ ದುಡ್ಡು.

1. ‘ಅಬೌಟ್’ ಪುಟದಲ್ಲಿ ಪ್ರೊಸೆಸರ್ ನಂಬರ್, ರ‍್ಯಾಮ್ ಎಷ್ಟು ಅಂತ ಓದಿ. ಅಂಗಡಿಯವರು ಬಾಯಲ್ಲಿ ಹೇಳಿದ್ದಕ್ಕೂ ಅದಕ್ಕೂ ತಾಳೆ ಆಗಬೇಕು.

2. ಸೆಟ್ಟಿಂಗ್ಸ್‌ನಲ್ಲಿ ‘ಆ್ಯಕ್ಟಿವೇಷನ್’ ನೋಡಿ. ಡಿಜಿಟಲ್ ಲೈಸೆನ್ಸ್ ಅಂತಿದ್ರೆ ಒಳ್ಳೇದು. ಯಾವುದೋ ಸಂಸ್ಥೆಯ ಆ್ಯಕ್ಟಿವೇಷನ್ ಸರ್ವಿಸ್ ಅಂತ ಬರೆದಿದ್ರೆ ಅದು ನಿಮ್ಮ ಹೆಸರಿಗೆ ಉಳಿಯೋ ಲೈಸೆನ್ಸ್ ಅಲ್ಲ.

3. ‘ಕ್ರಿಸ್ಟಲ್ ಡಿಸ್ಕ್ ಇನ್ಫೋ’ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿ ಡಿಸ್ಕಿನ ಆರೋಗ್ಯ, ಎಷ್ಟು ಗಂಟೆ ಓಡಿದೆ ಅಂತ ನೋಡಿ. ಸಾಧ್ಯ ಇದ್ರೆ ಎಸ್‌ಎಸ್‌ಡಿ ಹೊಸದೇ ಹಾಕ್ಸಿ.

4. ಆಫ್ ಮಾಡಿ ಮತ್ತೆ ಆನ್ ಮಾಡುವಾಗ ಬಯೋಸ್ ಒಳಗೆ ಹೋಗಿ ನೋಡಿ. ಹಳೇ ಕಂಪನಿಯ ಪಾಸ್‌ವರ್ಡ್ ಕೇಳಿದ್ರೆ ತೆಗೆಸಿಕೊಡೋ ತನಕ ತಗೋಬೇಡಿ.

5. ಡೆಲ್ ಆದ್ರೆ ಸರ್ವಿಸ್ ಟ್ಯಾಗ್, ಉಳಿದವಕ್ಕೆ ಸೀರಿಯಲ್ ನಂಬರ್ ಡಬ್ಬದ ಮೇಲೇ ಇರುತ್ತೆ. ಕಂಪನಿಯ ಸಪೋರ್ಟ್ ವೆಬ್‌ಸೈಟಿನಲ್ಲಿ ಅದನ್ನ ಹಾಕಿ, ಮಾಡೆಲ್ ಯಾವುದು, ಕಂಪನಿ ವಾರಂಟಿ ಯಾವಾಗ ಮುಗಿಯಿತು ಅಂತ ಮೊಬೈಲಿನಲ್ಲೇ ನೋಡಬಹುದು.

ಬಿಲ್ ಇಲ್ಲದೆ ಬೇಡ

‘ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ಕೊಡ್ತೀನಿ’ ಅನ್ನೋ ಮಾತು ಕೇಳಿಯೇ ಇರ್ತೀರಿ. ಕಂಪ್ಯೂಟರ್ ಮೇಲೆ ಜಿಎಸ್‌ಟಿ ಶೇ 18. ಉದಾಹರಣೆಗೆ 20,000 ರೂಪಾಯಿ ಮಶೀನ್ ಅಂತಿಟ್ಕೊಳ್ಳಿ, ತೆರಿಗೆ 3,600. ನೀವು ರೆಗ್ಯುಲರ್ ಜಿಎಸ್‌ಟಿಯಲ್ಲಿದ್ದು, ಮಶೀನ್ ವ್ಯಾಪಾರಕ್ಕೇ ಬಳಸ್ತಿದ್ದು, ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಹಾಕ್ಸಿ ತೆರಿಗೆ ಬೇರೆ ತೋರಿಸಿದ್ರೆ ಆ 3,600 ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಬರುತ್ತೆ. ಬಿಲ್ ಇಲ್ಲದೆ 2,000 ಉಳಿಸಿದವರು ಲೆಕ್ಕದಲ್ಲಿ 1,600 ಕಳಕೊಂಡ ಹಾಗೇ ಆಯ್ತು. ಕಾಂಪೋಸಿಷನ್‌ನಲ್ಲಿ ಇರೋರಿಗೆ ಈ ಕ್ರೆಡಿಟ್ ಇಲ್ಲ, ಆದ್ರೂ ವಾರಂಟಿಗೆ ಬಿಲ್ಲೇ ಆಧಾರ.

ಬಿಲ್ಲಿನಲ್ಲಿ ಬರೀ ‘ಕಂಪ್ಯೂಟರ್ 1 ನಂ’ ಅಂತ ಬರೆಸಬೇಡಿ. ಮಾಡೆಲ್, ಪ್ರೊಸೆಸರ್ ನಂಬರ್, ರ‍್ಯಾಮ್, ಎಸ್‌ಎಸ್‌ಡಿ, ಸೀರಿಯಲ್ ನಂಬರ್, ಎಷ್ಟು ತಿಂಗಳ ವಾರಂಟಿ ಎಲ್ಲಾ ಬರಬೇಕು. ರಿಫರ್ಬಿಶ್ಡ್‌ಗೆ ಸಾಮಾನ್ಯವಾಗಿ ವಾರಂಟಿ ಕೊಡೋದು ಮಾರಿದ ಅಂಗಡಿಯೇ, ಕಂಪನಿ ಅಲ್ಲ. ಕೆಟ್ಟಾಗ ಯಾರು ಬರ್ತಾರೆ, ಅವರೋ ನಾವೋ ಅಂತ ಮೊದಲೇ ಕೇಳಿ. ಪಾವಗಡದಿಂದ ಸಿಪಿಯು ಹೊತ್ಕೊಂಡು ಬೆಂಗಳೂರಿಗೆ ಎರಡು ಸಲ ಓಡಾಡಿದ್ರೆ ಉಳಿಸಿದ ದುಡ್ಡು ಬಸ್ಸಿಗೇ ಹೋಯ್ತು. ಅದಕ್ಕೇ ಐನೂರು, ಸಾವಿರ ಜಾಸ್ತಿ ಆದ್ರೂ ಊರಿನ ಅಂಗಡಿಯಲ್ಲೇ ತಗೊಳ್ಳೋದು ಎಷ್ಟೋ ಸಲ ಲಾಭ.

ಹಳೇದನ್ನ ಆಫ್ ಮಾಡೋ ಮುಂಚೆ

ಟ್ಯಾಲಿ ಇರೋರು ಹಳೇ ಕಂಪ್ಯೂಟರಿನಲ್ಲಿ ಮೊದಲು ಲೈಸೆನ್ಸ್ ‘ಸರೆಂಡರ್’ ಮಾಡಿ, ಆಮೇಲೆ ಹೊಸದರಲ್ಲಿ ಆ್ಯಕ್ಟಿವೇಟ್ ಮಾಡಬೇಕು. ಹಳೇದು ಪೂರ್ತಿ ಸತ್ತೇ ಹೋಗಿದ್ರೆ ಟ್ಯಾಲಿ ಪಾರ್ಟ್‌ನರ್‌ಗೆ ಫೋನ್ ಮಾಡಬೇಕಾಗುತ್ತೆ. ಡೇಟಾ ಬ್ಯಾಕಪ್ ಪೆನ್‌ಡ್ರೈವಿನಲ್ಲಿ ಒಂದು, ಬೇರೆ ಕಡೆ ಇನ್ನೊಂದು ಇರ್ಲಿ.

ಹಳೇ ಡಾಸ್ ಕಾಲದ ಬಿಲ್ಲಿಂಗ್ ಸಾಫ್ಟ್‌ವೇರ್ ಇನ್ನೂ ಬಳಸ್ತಿದ್ರೆ ಎಚ್ಚರ. ವಿಂಡೋಸ್ 11 ಬರೋದು 64 ಬಿಟ್‌ನಲ್ಲಿ ಮಾತ್ರ, ಹಳೇ 16 ಬಿಟ್ ಪ್ರೋಗ್ರಾಮ್ ಅದರಲ್ಲಿ ನೇರವಾಗಿ ಓಡಲ್ಲ. ಸಾಫ್ಟ್‌ವೇರ್ ಕೊಟ್ಟವರನ್ನ ಕೇಳಿಯೇ ಮಶೀನ್ ಬದಲಿಸಿ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಅಗಲ ಪಿನ್ನಿನ ಹಳೇ ಕೇಬಲ್‌ಗೆ ಹೊಸ ಮಶೀನಿನಲ್ಲಿ ಬಹುಪಾಲು ಜಾಗ ಇರಲ್ಲ, ಯುಎಸ್‌ಬಿ ಕನ್ವರ್ಟರ್ ಬೇಕು. ಹಳೇ ಮಾನಿಟರಿಗೆ ವಿಜಿಎ ಮಾತ್ರ ಇದ್ರೆ ಅದಕ್ಕೂ ಕನ್ವರ್ಟರ್ ಬೇಕಾಗಬಹುದು. ನುಡಿ, ಬರಹದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್ ಇದ್ರೆ ಆ ಫಾಂಟುಗಳನ್ನೂ ಕಾಪಿ ಮಾಡ್ಕೊಳ್ಳಿ, ಇಲ್ಲಾಂದ್ರೆ ಹೊಸದರಲ್ಲಿ ಅಕ್ಷರ ಎಲ್ಲಾ ಚಿತ್ರವಿಚಿತ್ರ ಕಾಣುತ್ತೆ.

ಹಳೇ ಮಶೀನ್ ಎಕ್ಸ್‌ಚೇಂಜಿಗೆ ಕೊಡುವಾಗ ಹಾರ್ಡ್ ಡಿಸ್ಕ್ ಬಿಚ್ಚಿ ಇಟ್ಕೊಳ್ಳಿ. ಡಿಲೀಟ್ ಒತ್ತಿದ ಮಾತ್ರಕ್ಕೆ ಫೈಲ್ ಹೋಗಲ್ಲ, ಮತ್ತೆ ತೆಗೆಯಬಹುದು. ಜೆರಾಕ್ಸ್ ಅಂಗಡಿಯ ಡಿಸ್ಕಿನಲ್ಲಿ ಅರ್ಧ ಊರಿನ ಆಧಾರ್, ಪಾಸ್‌ಬುಕ್ ಇರುತ್ತೆ ಅನ್ನೋದು ನೆನಪಿರ್ಲಿ.

ಕರೆಂಟಿನ ಮಾತು

ಒಳ್ಳೇ ಮಶೀನ್ ತಂದು ಯುಪಿಎಸ್ ಇಲ್ಲದೆ ಓಡಿಸಿದ್ರೆ ಫಲ ಇಲ್ಲ. ಎಂಟ್ರಿ ಹಾಕ್ತಿರುವಾಗ ಕರೆಂಟ್ ಹೋಗಿ ಟ್ಯಾಲಿ ಡೇಟಾ ಕೆಟ್ಟರೆ ಆ ದಿನದ ಕೆಲಸ ಮತ್ತೆ ಮೊದಲಿಂದ. 600 ವಿಎ ಯುಪಿಎಸ್ ಒಂದು ಆಫೀಸ್ ಪಿಸಿಗೆ ಸಾಕು, ಸೇವ್ ಮಾಡಿ ಆಫ್ ಮಾಡೋಷ್ಟು ಸಮಯ ಕೊಡುತ್ತೆ. ಲೇಸರ್ ಪ್ರಿಂಟರನ್ನ ಮಾತ್ರ ಅದಕ್ಕೆ ಸಿಕ್ಕಿಸಬೇಡಿ, ಅದು ಬಿಸಿಯಾಗುವಾಗ ಎಳೆಯೋ ಕರೆಂಟನ್ನ ಸಣ್ಣ ಯುಪಿಎಸ್ ತಡೆಯಲ್ಲ. ಸಿಪಿಯು ಡಬ್ಬ ಮುಟ್ಟಿದಾಗ ಜುಮ್ ಅಂದ್ರೆ ಅರ್ಥಿಂಗ್ ಸರಿ ಇಲ್ಲ ಅಂತ ಅರ್ಥ. ಮೊದಲು ಎಲೆಕ್ಟ್ರಿಷಿಯನ್ ಕರೆಸಿ, ಆಮೇಲೆ ಕಂಪ್ಯೂಟರ್.

ಅಂಗಡಿಗೆ ಹೀಗೆ ಮೆಸೇಜ್ ಹಾಕಿ

ರ‍್ಯಾಮ್, ಎಸ್‌ಎಸ್‌ಡಿ ಬೆಲೆ 2025ರ ಕೊನೆಯಿಂದ ಏರ್ತಾ ಬಂದಿದೆ. ಅದಕ್ಕೇ ಇಲ್ಲಿ ರೇಟ್ ಬರೆದಿಲ್ಲ. ಅದರ ಬದಲು ಈ ಸಾಲುಗಳನ್ನ ಕಾಪಿ ಮಾಡಿ ಒಂದೇ ದಿನ ಮೂರು ಅಂಗಡಿಗೆ ವಾಟ್ಸ್‌ಆ್ಯಪ್ ಮಾಡಿ, ನಿಮ್ಮ ಕೆಲಸಕ್ಕೆ ತಕ್ಕ ಹಾಗೆ ಐ3, ಐ5 ಮತ್ತು ಜಿಬಿ ತಿದ್ದಿಕೊಂಡರಾಯ್ತು:

‘8ನೇ ಜನರೇಷನ್ ಅಥವಾ ಅದಕ್ಕಿಂತ ಹೊಸ ಐ3 ಡೆಸ್ಕ್‌ಟಾಪ್ ಬೇಕು. 8 ಜಿಬಿ ರ‍್ಯಾಮ್, ಹೊಸ 256 ಜಿಬಿ ಎಸ್‌ಎಸ್‌ಡಿ, ಅಸಲಿ ವಿಂಡೋಸ್ 11. ಮಾಡೆಲ್ ಮತ್ತು ಪ್ರೊಸೆಸರ್ ಪೂರ್ತಿ ನಂಬರ್ ತಿಳಿಸಿ. ಮಾನಿಟರ್ ಮತ್ತು ಯುಪಿಎಸ್ ರೇಟ್ ಬೇರೆ ಬೇರೆ ಹೇಳಿ. ಜಿಎಸ್‌ಟಿ ಬಿಲ್ ಸಮೇತ ಒಟ್ಟು ಎಷ್ಟು? ವಾರಂಟಿ ಎಷ್ಟು ತಿಂಗಳು, ರಿಪೇರಿ ಎಲ್ಲಿ?’

ಪ್ರೊಸೆಸರ್ ಪೂರ್ತಿ ನಂಬರ್ ಬರೆದು ಕಳಿಸಿದವರ ಜೊತೆ ವ್ಯವಹಾರ ಮುಂದುವರಿಸಿ. ‘ಐ5 ಇದೆ ಸಾರ್, ಬನ್ನಿ ನೋಡೋಣ’ ಅಂತ ಮಾತ್ರ ಬರೆದವರಿಗೆ ಇನ್ನೊಂದು ಸಲ ಅದೇ ಪ್ರಶ್ನೆ ಕೇಳಿ. ಆಗಲೂ ನಂಬರ್ ಬರಲಿಲ್ಲ ಅಂದ್ರೆ ಮುಂದಿನ ಅಂಗಡಿ ನೋಡಿ.